ಸೋಮವಾರದ ಮಾತ್ರೆ

ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಕಾಶವ್ವನ ಕೈ ಅದನ್ನು ತಿರುವಿ ಹಾಕಲಿಲ್ಲ. ಬೆನ್ನ ಹಿಂದೆ, ಊಟದ ಟೇಬಲ್ಲಿನ ಮುಂದೆ ಕೂತು ರಜನಿ ಓದಿದ ಒಂದೇ ಒಂದು ಸಾಲು ಅವಳನ್ನು ನಿಂತಲ್ಲೇ ನಿಲ್ಲಿಸಿಬಿಟ್ಟಿತ್ತು.

“ಅಪ್ಪಾ, ಇದೊಂದು ಹೇಳು. ನಮ್ಮ ಫ್ಯಾಮಿಲಿಯೊಳಗ ಯಾರಿಗರೆ ಫಿಟ್ಸ್ ಬರ್ತಿದ್ವೇನು? ಡಿಪ್ರೆಶನ್, ಮೆಂಟಲ್ ಇಲ್‌ನೆಸ್, ಅಂಥಾದ್ದೇನರೆ?”

“ನಮ್ಮ ಮನೆತನದಾಗ ಅಂಥಾದ್ದೆಲ್ಲ ಇಲ್ಲ. ನೋ ಅಂತ ಬರಿ,” ಎಂದ ಮುರಿಗೆಪ್ಪ, ಪೇಪರಿನಿಂದ ಕಣ್ಣು ಕೂಡ ತೆಗೆಯದೆ.

“ಅವ್ವನ ಕಡೆ?”

“ಆ ಕಡೆನೂ ಇಲ್ಲ.” ಹೀಗೆಂದವಳು ಮುರಿಗೆಪ್ಪನ ಅಕ್ಕ ಶಿವಕ್ಕ. ಗಂಡ ತೀರಿಹೋದ ಮೇಲೆ ತಮ್ಮನ ಜೊತೆಗೇ ಇದ್ದು, ಅವನ ಹಿಂದೆಯೇ ಧಾರವಾಡದಿಂದ ಲಂಡನ್ನಿನ ಈ ಹೇಸ್‌ವರೆಗೂ ಬಂದು, ಇಪ್ಪತ್ತೆರಡು ವರ್ಷದಿಂದ ಈ ಮನೆಯನ್ನು ಆಳುತ್ತಿದ್ದವಳು. ಹೇಳುವಾಗ ಅವಳು ನೋಡಿದ್ದು ರಜನಿಯನ್ನಲ್ಲ, ಒಲೆಯ ಮುಂದಿನ ಕಾಶವ್ವನ ಬೆನ್ನನ್ನು. “ನಿಮ್ಮವ್ವ ಟೈಫಾಯ್ಡ್ ಆಗಿ ಹೋದ್ಲು. ಬೇಕಾದರ ಅದನ್ನ ಬರಿ. ಏ ಕಾಶವ್ವ, ರೊಟ್ಟಿ ಹೊತ್ತಾಕತ್ತೈತಿ, ಮೂಗಿಗೆ ಏನಾಗೈತಿ ನಿನಗ?”

ರಜನಿ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದಳು. ಇಪ್ಪತ್ನಾಲ್ಕು ವರ್ಷದ ಹುಡುಗಿ, ಫಿಸಿಯೋಥೆರಪಿಸ್ಟ್. ಇನ್ನೊಂದು ತಿಂಗಳಿಗೆ ಆಫ್ರಿಕಾದ ಮಲಾವಿಗೆ, ನಡೆಯಲು ಬಾರದ ಮಕ್ಕಳಿಗೆ ನಡೆಯುವುದನ್ನು ಕಲಿಸಲು ಒಂದು ವರ್ಷದ ಮಟ್ಟಿಗೆ ಹೊರಟಿದ್ದಳು. ಮಲೇರಿಯಾ ಇರುವ ದೇಶ, ನೀರು ಕುದಿಸಿ ಕುಡಿಯಬೇಕಾದ ದೇಶ. ಕಳಿಸುವ ಸಂಸ್ಥೆಯವರು ಸುಮ್ಮನೆ ಕಳಿಸುವವರಲ್ಲ. ಆರು ಪುಟದ ಆರೋಗ್ಯದ ಫಾರ್ಮು ತುಂಬಿದ ಮೇಲೆ ಸೂಜಿ, ಮಾತ್ರೆ, ಸೊಳ್ಳೆಪರದೆ, ಆಮೇಲೆ ವಿಮಾನ. ಆ ಫಾರ್ಮಿನಲ್ಲಿ ಏನು ಬರೆಯುತ್ತೀರೋ ಅದನ್ನು ನೋಡಿಯೇ ಯಾವ ಮಾತ್ರೆ ಎಂದು ನಿರ್ಧಾರ. ಇದು ಮುರಿಗೆಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಿಂದಿನ ತಿಂಗಳಷ್ಟೇ ಅವನು ಲಂಡನ್ನಿನದೇ ಇನ್ನೊಂದು ಬಡಾವಣೆ ಪಿನ್ನರ್‌ನ ಬೆಳಗಾವಿ ಡಾಕ್ಟರರ ಮನೆಗೆ ಮಗಳ ಬಯೋಡೇಟಾ ಬರೆದು ಕಳಿಸಿದ್ದ. ಹುಡುಗನೂ ಡಾಕ್ಟರು. ರಜನಿ ವಾಪಸ್ ಬಂದ ಮೇಲೆ ಮಾತು ಮುಂದುವರಿಸೋಣ ಎಂದು ಅವರು ಒಪ್ಪಿದ್ದರು. ಬಯೋಡೇಟಾದಲ್ಲಿ ಬರೆದದ್ದನ್ನೇ ಆ ಮಹಾರಾಯ ಇಲ್ಲೂ ಬರೆಸಿದ! ಹೆಣ್ಣು ನೋಡುವವರು ಬೇರೆ, ಔಷಧ ಕೊಡುವವರು ಬೇರೆ ಎನ್ನುವಷ್ಟೂ ಬುದ್ಧಿ ಬೇಡವೇ? ಮನೆತನದ ಬಗ್ಗೆ ಯಾರಾದರೂ ಕಾಗದ ಮುಂದಿಟ್ಟು ಕೇಳಿದರೆ ಸಾಕು, ನಮ್ಮವರ ಬಾಯಿಗೆ ‘ಇಲ್ಲ’ ಎಂಬುದೊಂದೇ ಬರುತ್ತದೆ.

ಇರುವುದನ್ನು ಬಲ್ಲವಳು ಕಾಶವ್ವ. ರಜನಿಯನ್ನು ಹೆತ್ತ ನೀಲವ್ವನ ಒಡಹುಟ್ಟಿದ ತಂಗಿ ಅವಳು. ಅಕ್ಕ ಸತ್ತ ಮರುವರ್ಷ ಕೂಸಿಗೆ ಬೇರೆ ಹೆಂಗಸು ಮಲತಾಯಿಯಾಗಿ ಬರುವುದು ಬೇಡವೆಂದು ಎರಡೂ ಮನೆಯವರು ಸೇರಿ ಅವಳನ್ನು ಮುರಿಗೆಪ್ಪನಿಗೆ ಕೊಟ್ಟರು. ಆಗ ಅವಳಿಗೆ ಹದಿನೆಂಟು. ಮದುವೆಗೆ ಮುಂಚೆ ಶಿವಕ್ಕ ಅವಳ ಅಂಗೈಯಲ್ಲಿ ಲಿಂಗ ಇರಿಸಿ ಆಣೆ ಮಾಡಿಸಿಕೊಂಡಿದ್ದಳು, ನೀಲವ್ವ ಹೇಗೆ ಸತ್ತಳೆಂದು ಕೂಸಿಗೆ ಯಾವತ್ತೂ ಹೇಳಕೂಡದು ಎಂದು. ಅಂದಿನಿಂದ ರಜನಿ ಅವಳನ್ನು ಚಿಗವ್ವ ಎಂದು ಕರೆಯುತ್ತಾಳೆ, ಅವಳ ತಟ್ಟೆಯಲ್ಲೇ ಉಂಡು, ಅವಳ ಸೆರಗಿನಲ್ಲೇ ಮೂಗು ಒರೆಸಿಕೊಂಡು ಬೆಳೆದಿದ್ದಾಳೆ. ಕಾಶವ್ವನಿಗೆ ತನ್ನದೆಂಬ ಇನ್ನೊಂದು ಕೂಸಾಗಲಿಲ್ಲ. ಆಗಲಿಲ್ಲವೆಂದು ಅವಳು ಅತ್ತದ್ದನ್ನು ಯಾರೂ ಕಂಡವರಿಲ್ಲ.

ಬುಧವಾರ ರಜನಿ ಬಡಾವಣೆಯ ಡಾಕ್ಟರು ಜಿ.ಪಿ.ಯ ನರ್ಸಿನ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬಂದಳು. ನರ್ಸು ಬಾಯಿಬಿಟ್ಟು ಮತ್ತೊಮ್ಮೆ ಕೇಳಿದ್ದಳಂತೆ, ರಜನಿ ಮತ್ತೊಮ್ಮೆ ಇಲ್ಲ ಎಂದಿದ್ದಳಂತೆ. ಗೊತ್ತಿಲ್ಲದೆ ಹೇಳಿದ್ದನ್ನು ಸುಳ್ಳು ಅನ್ನುವುದಾದರೂ ಹೇಗೆ? ಎಡಗೈ ತೋಳು ಕೆಂಪಾಗಿ ಬಾತಿತ್ತು. ಅದನ್ನು ಹೆಮ್ಮೆಯಿಂದ ತೋರಿಸುತ್ತ, ಟೈಫಾಯ್ಡಿನದನ್ನೇ ಮೊದಲು ಹಾಕಿರಿ ಎಂದು ಕೇಳಿ ಹಾಕಿಸಿಕೊಂಡೆ ಚಿಗವ್ವ, ಅವ್ವನಿಗೆ ಈ ಸೂಜಿ ಸಿಕ್ಕಿದ್ದರೆ ಅವ್ವ ಉಳಿಯುತ್ತಿದ್ದಳು ನೋಡು, ಎಂದಳು. ಕಾಶವ್ವ ಆ ತೋಳಿಗೆ ತಣ್ಣೀರ ಬಟ್ಟೆ ಇಟ್ಟು ಮುಖ ತಿರುಗಿಸಿಕೊಂಡಳು.

ಮಲೇರಿಯಾದ ಮಾತ್ರೆ ವಾರಕ್ಕೊಂದು. ಮೈಗೆ ಒಗ್ಗುತ್ತದೋ ಇಲ್ಲವೋ ತಿಳಿಯಲೆಂದು ಹೊರಡುವುದಕ್ಕೆ ಮೂರು ವಾರ ಮೊದಲೇ ಶುರು ಮಾಡಬೇಕಿತ್ತು. ವಾರ ಆರಿಸಿದವಳು ಶಿವಕ್ಕ. ಸೋಮವಾರ ಶಿವನ ವಾರ, ಅವತ್ತೇ ನುಂಗಲಿ ಎಂದು ಹಣೆಗೆ ವಿಭೂತಿ ಹಚ್ಚಿ ತಾನೇ ಮಾತ್ರೆ ಕೊಟ್ಟಳು. ರಜನಿ ತನ್ನ ಮಂಚದ ಮೇಲೆ ಸೊಳ್ಳೆಪರದೆಯನ್ನೂ ಕಟ್ಟಿಕೊಂಡಳು, ರೂಢಿಯಾಗಲಿ ಎಂದು. ಹೀಥ್ರೋ ವಿಮಾನಗಳು ಹೆಂಚು ಸವರಿಕೊಂಡು ಹೋಗುವ ಈ ಬೀದಿಯಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು? ಮನೆಯಲ್ಲಿ ಎಲ್ಲರೂ ನಕ್ಕರು.

ಆ ನಗು ಎರಡನೆಯ ಸೋಮವಾರಕ್ಕೆ ಮುಗಿಯಿತು. ರಜನಿಗೆ ನಿದ್ದೆ ಹಾರಿಹೋಯಿತು. ತಲೆ ತಿರುಗುತ್ತದೆ ಎಂದು ಗೋಡೆ ಹಿಡಿದು ನಡೆದಳು. ಪಾಸ್‌ಪೋರ್ಟ್ ಕಾಣುತ್ತಿಲ್ಲ ಎಂದು ಇಡೀ ಮನೆ ಹುಡುಕಿಸಿದಳು. ಅದು ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಪಕ್ಕ ಸಿಕ್ಕಿತು. ತಾನೇ ಇಟ್ಟೆನೋ, ಬೇರೆ ಯಾರು ಇಟ್ಟರೋ ಅವಳಿಗೆ ನೆನಪಿರಲಿಲ್ಲ. ಚಹಾಕ್ಕೆ ನೀರಿಟ್ಟು, ಕುದಿದ ಮೇಲೆ ಇದು ಯಾತಕ್ಕೆ ಎಂದು ಕೇಳಿದಳು. ಕಾರಣವಿಲ್ಲದೆ ಅಳು, ಅತ್ತು ಮುಗಿಯುವಷ್ಟರಲ್ಲಿ ಯಾಕೆ ಅತ್ತೆನೆಂದು ಗಾಬರಿ. ಹೋಗುವ ಟೆನ್ಶನ್ ಇರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ನರ್ಸಿಗೆ ಫೋನ್ ಮಾಡು ಎಂದರೆ ಬೇಡ ಎಂದಳು, ಮಾಡಿದರೆ ಕಳಿಸುವುದಿಲ್ಲ ಎಂದು ಅವಳಿಗೆ ಹೆದರಿಕೆ. ಮುರಿಗೆಪ್ಪ ಮೊದಲ ಸಲ ಮನೆ ಬಿಡುವ ಹುಡುಗಿ, ಹಾಗೆಯೇ ಎಂದ. ಶಿವಕ್ಕ ಪಿನ್ನರ್‌ನವರ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು.

ಒಂದು ಮಧ್ಯಾಹ್ನ ಕಾಶವ್ವ ಬಟ್ಟೆ ಮಡಚುತ್ತಿದ್ದಾಗ ರಜನಿ ಬಾಗಿಲಲ್ಲಿ ಬಂದು ನಿಂತಳು. “ಚಿಗವ್ವ, ನನ್ನ ಕರದೇನು?” ಎಂದಳು.

“ಇಲ್ಲಲ್ಲ.”

“ಯಾರೋ ಹೆಸರ ಹಿಡದು ಕರದ್ರು. ಹಿತ್ತಲ ಕಡಿಂದ.”

ಕಾಶವ್ವನ ಕೈಯಿಂದ ದುಪ್ಪಟಿ ಜಾರಿತು. ಇದೇ ಮಾತು... ಇದೇ ಧಾಟಿ, ಬಾಗಿಲಲ್ಲಿ ಹೀಗೆಯೇ ತಲೆ ವಾಲಿಸಿ ನಿಲ್ಲುವುದು! ಇಪ್ಪತ್ನಾಲ್ಕು ವರ್ಷದ ಹಿಂದೆ ಧಾರವಾಡದ ಮನೆಯಲ್ಲಿ, ಮೂರು ತಿಂಗಳ ಬಾಣಂತಿ ನೀಲವ್ವ ಹೀಗೆಯೇ ಕೇಳಿದ್ದಳು. ಈಗ ತನ್ನ ಮುಂದೆ ನಿಂತವಳು ಅಕ್ಕನೋ ಅಕ್ಕನ ಮಗಳೋ ಎಂದು ಒಂದು ಗಳಿಗೆ ಕಾಶವ್ವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಇದು ಮಾತ್ರೆಯ ಕಾಟವೇ? ಅಥವಾ ತಾಯಿಯ ರಕ್ತದಲ್ಲಿ ಬಂದದ್ದು ಈಗ ತಲೆ ಎತ್ತಿತೇ? ಮಾತ್ರೆಯದಾದರೆ ಹೇಳಬೇಕು. ರಕ್ತದ್ದಾದರೆ ಹೇಳಿ ಏನು ಬಂತು? ಇರುವ ನೆಮ್ಮದಿಯೂ ಹೋಗಿ ಹುಡುಗಿ ಇನ್ನಷ್ಟು ಹೆದರಿಬಿಟ್ಟರೆ? ಯಾವುದು ಕಾಪಾಡುವ ದಾರಿ, ಯಾವುದು ಕೊಲ್ಲುವ ದಾರಿ ಎಂದು ಯೋಚಿಸಿ ಯೋಚಿಸಿ ಅವಳ ತಲೆಯೂ ರಜನಿಯ ತಲೆಯಂತೆಯೇ ಕಲಸಿಹೋಯಿತು.

ಡಾಕ್ಟರಿಗೆ ಹೇಳಿಬಿಡೋಣವೇ ಎಂದು ಅವಳು ಗಂಡನನ್ನು ಕೇಳಿದಳು. ಗಂಡ ತನ್ನ ಅಕ್ಕ ಶಿವಕ್ಕನ ಮುಖ ನೋಡಿದ. ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಂದಳು. ಪಿನ್ನರ್‌ನವರು ಡಾಕ್ಟರು, ಇಲ್ಲಿ ಬರೆದದ್ದು ಅಲ್ಲಿಗೆ ತಿಳಿಯಲು ಎಷ್ಟು ಹೊತ್ತು ಬೇಕು, ಎಂದಳು. ಆಣೆಯನ್ನು ನೆನಪಿಸಿದಳು. ಅಷ್ಟಕ್ಕೂ ಬಿಡಲಿಲ್ಲ.

“ಎಲ್ಲಾ ಹೇಳ್ತಿಯೇನವಾ?” ಎಂದಳು. “ಆ ದಿನ ಆಕಿನ ನೋಡಾಕ ಯಾರನ್ನ ಕೂಡ್ಸಿ ಹೋಗಿದ್ವಿ ಅನ್ನೂದನ್ನೂ ಹೇಳ್ತಿ?”

ಇದು ಶಿವಕ್ಕನ ಹಳೆಯ ಆಯುಧ. ಕಾಶವ್ವ ಯಾವಾಗ ಎದುರು ಮಾತಾಡಿದರೂ ಇದೊಂದನ್ನು ತೆಗೆದರೆ ಸಾಕಿತ್ತು. ಈ ಸಲವೂ ಕಾಶವ್ವ ಬಾಯಿ ಮುಚ್ಚಿಕೊಂಡು ಹಿಟ್ಟು ನಾದಲು ಕೂತಳು. ರಜನಿ ಒಬ್ಬಳೇ ಅವಳಿಗೆ ಈ ಲೋಕದಲ್ಲಿ ಇದ್ದದ್ದು. ಆ ಹುಡುಗಿಯ ಕಣ್ಣಿನಲ್ಲಿ ಅವಳ ತಾಯಿಯನ್ನು ಕಳೆದವಳಾಗಿ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು.

ಮೂರನೆಯ ಸೋಮವಾರ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಮಾತ್ರೆಯ ಪೊಟ್ಟಣದೊಳಗಿನ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಫಾರ್ಮಸಿಗೆ ಹೋದಳು. ವಿಮಾನದ ಊಟದ ತಟ್ಟೆ ಜೋಡಿಸುವ ಕೆಲಸಕ್ಕೆ ಅವಳ ಇಂಗ್ಲಿಷ್ ಸಾಕಾಗುತ್ತಿತ್ತು, ಈ ಸಣ್ಣ ಅಕ್ಷರಕ್ಕೆ ಸಾಲದು. ಅಂಗಡಿಯ ಗುಜರಾತಿ ಯಜಮಾನರು ಕನ್ನಡಕ ಏರಿಸಿ ಓದಿದರು. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಅವಳು ಕೇಳಿದಳು: ನನ್ನ ಅಕ್ಕನಿಗೆ ತಲೆ ಸರಿ ಇರಲಿಲ್ಲ, ನುಂಗುತ್ತಿರುವ ಹುಡುಗಿಗೆ ಅದರಿಂದ ಏನಾದರೂ ಆಗುತ್ತದೆಯೇ? ಹುಡುಗಿ ನಿಮ್ಮ ಅಕ್ಕನಿಗೆ ಏನಾಗಬೇಕು ಎಂದು ಅವರು ಕೇಳಿದರು. ಮಗಳು ಎಂದಳು. ಹುಡುಗಿ ಈಗ ಹೇಗಿದ್ದಾಳೆ ಎಂದರು. ಅವಳು ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಇನ್ನೊಂದು ಮಾತ್ರೆ ಕೊಡಬೇಡಿ ಬೆಹೆನ್, ಇವತ್ತೇ ಡಾಕ್ಟರಿಗೆ ಎಲ್ಲವನ್ನೂ ಹೇಳಿ ಎಂದರು.

ಬಸ್ಸಿಗೆ ಕಾಯಲಿಲ್ಲ ಕಾಶವ್ವ. ಸೀರೆಯ ನಿರಿಗೆ ಎತ್ತಿ ಹಿಡಿದು, ಮೇಲೊಂದು ಕೋಟು, ಕಾಲಲ್ಲಿ ಟ್ರೈನರ್ಸ್, ಹೇಸ್‌ನ ರಸ್ತೆಯಲ್ಲಿ ಓಡಿದಳು. ನಲವತ್ತೊಂದು ವರ್ಷದ ಹೆಂಗಸು ಹಾಗೆ ಓಡುವುದನ್ನು ಕಂಡು ಜನ ದಾರಿ ಬಿಟ್ಟರು. ಮನೆ ಬಾಗಿಲು ತೆರೆದರೆ ಎದುರಿಗೇ ರಜನಿ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಸೋಫಾದಲ್ಲಿ ಕೂತಿದ್ದಾಳೆ. ಅವಳ ಅಂಗೈಯಲ್ಲಿ ಬಿಳಿ ಮಾತ್ರೆ. ಶಿವಕ್ಕ ನೀರಿನ ಲೋಟ ಹಿಡಿದು ನಿಂತಿದ್ದಾಳೆ. ಮುರಿಗೆಪ್ಪ ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾನೆ.

ಕಾಶವ್ವ ಆ ಅಂಗೈಯನ್ನು ತನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದಳು.

“ಬ್ಯಾಡ. ಇದನ್ನ ನುಂಗಬ್ಯಾಡ.”

“ಕಾಶವ್ವ, ಬಾಯಿ ಮುಚ್ಚು,” ಎಂದಳು ಶಿವಕ್ಕ.

“ಆಣೆ ಮುರೀತೀನ್ರಿ ಅಕ್ಕಾರ. ಏನು ಬರೋದೈತಿ ಅದು ನನಗ ಬರಲಿ.” ಅವಳು ರಜನಿಯ ಕಡೆ ತಿರುಗಿದಳು. ಏದುಸಿರಿನಲ್ಲಿ ಮಾತು ತುಂಡು ತುಂಡಾಗಿ ಬಂತು. “ನಿಮ್ಮವ್ವ ಟೈಫಾಯ್ಡ್ ಆಗಿ ಸತ್ತಿಲ್ಲ, ರಜನಿ. ನಿನ್ನ ಹಡದ ಮ್ಯಾಲ ಆಕಿಗೆ ನಿದ್ದಿ ಹೋತು. ಯಾರ ಗುರುತೂ ಹತ್ತವೊಲ್ಲದು. ಯಾರೋ ಹೆಸರ ಹಿಡದು ಕರೀತಾರ ಅಂತಿದ್ಲು... ನೀ ಈಗ ಅಂತೀಯಲ್ಲ, ಹಂಗ. ಕಡೀಕ ಹಿತ್ತಲ ಬಾವಿಗೆ ಬಿದ್ಲು.”

ಮನೆಯ ಮೇಲೆ ಒಂದು ವಿಮಾನ ಹಾದುಹೋಯಿತು. ರಜನಿಯ ಇನ್ನೊಂದು ಕೈ ನಿಧಾನವಾಗಿ ಎಡತೋಳಿಗೆ ಹೋಗಿ, ಟೈಫಾಯ್ಡಿನ ಸೂಜಿ ಚುಚ್ಚಿದ್ದ ಜಾಗವನ್ನು ಒತ್ತಿಕೊಂಡಿತು.

“ಆಕಿನ ಯಾರೂ ನೋಡಕೋತ ಇರಲಿಲ್ಲೇನು?” ಎಂದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು ಕಾಶವ್ವ. ಮಾತ್ರೆ ನಿಲ್ಲಿಸಲು ಇಷ್ಟು ಸಾಕಿತ್ತು, ಉಳಿದದ್ದನ್ನು ಯಾವ ಡಾಕ್ಟರೂ ಕೇಳುತ್ತಿರಲಿಲ್ಲ. ಶಿವಕ್ಕ ಕೂಡ ಆ ಹೊತ್ತಿನಲ್ಲಿ ಅವಳನ್ನು ಬಿಟ್ಟುಕೊಡುತ್ತಿರಲಿಲ್ಲವೇನೋ. ಆದರೆ ಅರ್ಧ ಸುಳ್ಳಿನಿಂದಲೇ ಈ ಮನೆ ಇಲ್ಲಿಯವರೆಗೆ ಬಂದದ್ದು ಅವಳಿಗೆ ಸಾಕಾಗಿತ್ತು.

“ನನ್ನ ಕೂಡ್ಸಿದ್ರು,” ಎಂದಳು. “ಎಲ್ಲಾರೂ ಬೀಗರ ಮನಿ ತೊಟ್ಟಿಲ ಶಾಸ್ತ್ರಕ್ಕ ಹೋಗಿದ್ರು. ಮಧ್ಯಾಹ್ನ ಬಿಸಲು. ಮೂರು ರಾತ್ರಿಯಿಂದ ನಾನೂ ನಿದ್ದಿಗೆಟ್ಟಿದ್ದೆ. ನೀ ನನ್ನ ಮಗ್ಗಲಾಗ ಮಲಗಿದ್ದಿ, ಆಕಿ ಆ ಕಡೆ. ನನಗ ಜೋಂಪು ಹತ್ತಿತು. ನೀ ಅತ್ತಾಗ ಎಚ್ಚರಾತು. ಹಾಸಿಗಿ ಖಾಲಿ ಇತ್ತು.”

ರಜನಿ ತನ್ನ ಕೈ ಬಿಡಿಸಿಕೊಂಡಳು. ಮಾತ್ರೆಯನ್ನು ಟೇಬಲ್ಲಿನ ಮೇಲಿಟ್ಟು, ಕೋಟು ಹಾಕಿಕೊಂಡು, ಅಪ್ಪನಿಗೆ ಜಿ.ಪಿ.ಗೆ ಹೋಗೋಣ ನಡಿ ಎಂದಳು. ಕಾಶವ್ವನ ಕಡೆ ನೋಡಲೂ ಇಲ್ಲ.

ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಮಾತ್ರೆ ಇವತ್ತಿಗೇ ಬಂದ್ ಎಂದರು. ನುಂಗಿದ್ದು ರಕ್ತದಲ್ಲಿ ಕೆಲವು ವಾರ ಉಳಿಯುತ್ತದೆ, ಗೊಂದಲ ನಿಧಾನವಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಹಗಲೂ ರಾತ್ರಿ ಯಾರಾದರೂ ಜೊತೆಗಿರಬೇಕು, ಪ್ರಯಾಣವಂತೂ ಈಗ ಸಾಧ್ಯವಿಲ್ಲ ಎಂದರು. ಇದು ಮಾತ್ರೆಯಿಂದ ಬಂದದ್ದೋ ತಾಯಿಯಿಂದ ಬಂದದ್ದೋ ಎಂದು ಮುರಿಗೆಪ್ಪ ಕೇಳಿದ. ಎರಡೂ ಇರಬಹುದು, ಖಚಿತವಾಗಿ ಹೇಳಲಾರೆ ಎಂದರು. ನೀಲವ್ವನಿಗೆ ಬಂದದ್ದು ಹೆರಿಗೆಯ ನಂತರ ಕೆಲವರಿಗೆ ಬರುವ ಕಾಯಿಲೆಯಂತೆ ಕೇಳುತ್ತದೆ, ಅದಕ್ಕೆ ಹೆಸರಿದೆ, ಚಿಕಿತ್ಸೆ ಇದೆ, ಮೊದಲೇ ಗೊತ್ತಿದ್ದರೆ ನಿನ್ನ ಹೆರಿಗೆಯಲ್ಲಿ ನಾವು ಕಣ್ಣಿಟ್ಟು ಕಾಯಬಹುದು ಎಂದು ರಜನಿಗೆ ಹೇಳಿದರು. ರಜನಿ ಫಾರ್ಮನ್ನು ತರಿಸಿಕೊಂಡು ತನ್ನದೇ ಕೈಯಿಂದ ‘ನೋ’ ಹೊಡೆದುಹಾಕಿ, ಆ ಕಾಯಿಲೆಯ ಹೆಸರು ಬರೆದು ಸಹಿ ಮಾಡಿದಳು. ಮುರಿಗೆಪ್ಪ ಕಾರಿನಲ್ಲಿ ಕೂತ ಮೇಲೆ ಅತ್ತನಂತೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಒಂದೇ ಮನೆ, ನಾಲ್ಕು ಜನ, ಮಾತಿಲ್ಲ. ರಜನಿ ತಾನಾಗಿಯೇ ಪಿನ್ನರ್‌ಗೆ ಫೋನ್ ಮಾಡಿ ಆ ಹುಡುಗನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಅವರ ತಾಯಿ ಮರ್ಯಾದೆಯಿಂದಲೇ ಹೇಳಿದರು. ಫೋನು ಬರಲಿಲ್ಲ. ಶಿವಕ್ಕ ಈ ಸಲ ಕೂಗಾಡಲಿಲ್ಲ. ಪೂಜೆಯ ಮುಂದೆ ಕೂತವಳು ರಜನಿಗೂ ಕೇಳಿಸುವಂತೆ, “ಹುಚ್ಚಿ ಮಗಳು ಅಂತ ಊರು ಕರೀತಿತ್ತು, ಆ ಹೆಸರು ಕೂಸಿಗೆ ಬ್ಯಾಡಂತ ಮಾಡಿದ್ದೆ” ಎಂದಳು. ಸುಳ್ಳಲ್ಲ, ಅವಳು ಅದಕ್ಕೇ ಮಾಡಿದ್ದಳು. ಹಾಗೆಂದು ಇಪ್ಪತ್ತೆರಡು ವರ್ಷ ಕಾಶವ್ವನನ್ನು ಚುಚ್ಚಿದ್ದಕ್ಕೆ ಅದು ಜವಾಬಾದೀತೇ?

ರಜನಿಯ ಕೋಣೆಯಲ್ಲಿ ಕಾವಲಿಗೆ ಕೂತವರು ಶಿವಕ್ಕ ಮತ್ತು ರಜಾ ಹಾಕಿದ ಮುರಿಗೆಪ್ಪ. ಕಾಶವ್ವ ಆ ಬಾಗಿಲ ಹೊರಗೆ ಊಟದ ತಟ್ಟೆ ಇಟ್ಟು, ತೊಳೆಯಲು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಒಳಗೆ ಕರೆಯಲಿ ಎಂದು ಅವಳು ಆಸೆಪಡಲಿಲ್ಲ. ಒಮ್ಮೆ ಕಾಯಲು ಕೂಡಿಸಿದಾಗ ಏನಾಯಿತೆಂದು ಈಗ ಎಲ್ಲರಿಗೂ ಗೊತ್ತು. ಯಾರು ತಾನೇ ಅವಳನ್ನು ಮತ್ತೆ ಕೂಡಿಸುತ್ತಾರೆ?

ಒಂಬತ್ತನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ಮೂರು ರಾತ್ರಿ ನಿದ್ದೆ ಕಾಣದ ರಜನಿಗೆ ಆಗಷ್ಟೇ ಕಣ್ಣು ಎಳೆಯುತ್ತಿತ್ತು. ಆದರೆ ಮಲಗಲು ಭಯ, ಕಣ್ಣು ಮುಚ್ಚಿದರೆ ಎದ್ದು ಎಲ್ಲಿಗೆ ಹೋಗಿಬಿಡುತ್ತೇನೋ ಎಂದು. ಶಿವಕ್ಕ ಕುರ್ಚಿ ಎಳೆದುಕೊಂಡಳು. ಮಲಗವಾ, ನಾನಿದ್ದೀನಿ, ಎಂದಳು. ಅಪ್ಪ ತಾನು ಕೂಡುತ್ತೇನೆ ಎಂದ. ಸೊಳ್ಳೆಪರದೆಯ ಒಳಗಿಂದ ರಜನಿ ಇಬ್ಬರನ್ನೂ ನೋಡಿದಳು.

“ನೀವು ಹೋಗ್ರಿ,” ಎಂದಳು. “ಚಿಗವ್ವ ಕೂಡಲಿ.”

ಶಿವಕ್ಕ ಏನೋ ಹೇಳಲು ಬಾಯಿ ತೆರೆದಳು. ರಜನಿ ಮೊದಲೇ ಹೇಳಿದಳು:

“ನನಗ ಬುದ್ಧಿ ತಿಳದಾಗಿಂದ ಮಧ್ಯಾಹ್ನದಾಗ ಆಕಿ ಕಣ್ಣು ಮುಚ್ಚಿದ್ದು ನಾ ಒಂದಿನಾನೂ ನೋಡಿಲ್ಲ ಅತ್ತಿ. ಯಾಕಂತ ಈಗ ಗೊತ್ತಾತು.”

ಕಾಶವ್ವ ಒಳಗೆ ಬಂದಳು. ಕೈಯಲ್ಲಿ ಎಂಜಲು ತಟ್ಟೆ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಾಲ ಬಳಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ರಜನಿ ಮಲಗಿದಳು. ಪರದೆಯ ಆಚೆಯ ಆ ಉಸಿರನ್ನು ಕಾಶವ್ವ ಒಂದೊಂದಾಗಿ ಕಾದಳು. ವಿಮಾನಗಳು ಹೋದವು, ಅಂಚೆಯವನು ಬಂದು ಹೋದ, ಶಾಲೆ ಬಿಟ್ಟ ಮಕ್ಕಳು ಬೀದಿಯಲ್ಲಿ ಕೂಗಿಕೊಂಡು ಹೋದರು. ಸೊಂಟ ಹಿಡಿಯಿತು, ಅವಳು ಮಿಸುಕಲಿಲ್ಲ. ಮಲಾವಿಗೆ ಇನ್ನು ಹೋಗುತ್ತಾಳೋ ಇಲ್ಲವೋ, ಬೇರೆ ಮಾತ್ರೆ ಕೊಡುತ್ತಾರೋ ಇಲ್ಲವೋ, ಮದುವೆ ಆಗುತ್ತದೋ ಇಲ್ಲವೋ... ಒಂದೂ ತಿಳಿಯದು. ತಿಳಿದದ್ದು ಒಂದೇ, ಹಾಸಿಗೆ ಖಾಲಿ ಇಲ್ಲ.

ಐದು ಗಂಟೆಯ ಹೊತ್ತಿಗೆ ರಜನಿ ಕಣ್ಣು ಬಿಟ್ಟಳು. ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದಳು. ಮೂರು ತಾಸು ಎಂದಳು ಕಾಶವ್ವ. ರಜನಿ ಎದ್ದು ಕೂತಳು. ಆಮೇಲೆ ಪರದೆಯ ಅಂಚು ಎತ್ತಿ, ಗೋಡೆಯ ಕಡೆ ಸರಿದು ಜಾಗ ಮಾಡಿದಳು.

“ಬಾ. ನೀನೂ ಅಷ್ಟು ಮಲಕೋ, ಚಿಗವ್ವ. ನಾ ಎಚ್ಚರ ಇರ್ತೀನಿ.”

ಕಾಶವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಪರದೆಯೊಳಗೆ ಹೋಗಿ ಅಕ್ಕನ ಮಗಳ ಮಗ್ಗುಲಲ್ಲಿ ಮೈ ಚಾಚಿದಳು. ರಜನಿ ಅವಳ ಸೆರಗಿನ ತುದಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಕಾಶವ್ವನಿಗೆ ನಿದ್ದೆ ಬಂತು.